ಮಗ್ಗುಲ ಸೀಟಿನಿಂದ ಕಂಡ ಆಲ್ಪ್ಸ್: ಬಾಡಿಗೆ ಕಾರಿನಲ್ಲಿ ಏಳು ದಿನ

ಮೊದಲ ದಿನ: ಮ್ಯೂನಿಕ್ ವಿಮಾನ ನಿಲ್ದಾಣದಿಂದ ಫ್ರೈಸಿಂಗ್

2025ರ ಜೂನ್ ತಿಂಗಳ ಒಂದು ಮುಂಜಾನೆ ಮ್ಯೂನಿಕ್‌ನಲ್ಲಿ ವಿಮಾನ ಇಳಿದಾಗ ನಮ್ಮ ಯಜಮಾನರ ಅಂಗಿಯ ಜೇಬಿನಲ್ಲಿ ಎರಡು ಕಾಗದಗಳಿದ್ದವು. ಒಂದು ಇಪ್ಪತ್ತೆಂಟು ವರ್ಷಗಳಿಂದ ನವೀಕರಿಸಿಕೊಂಡು ಬಂದ ಕರ್ನಾಟಕದ ಚಾಲನಾ ಪರವಾನಗಿ. ಇನ್ನೊಂದು ಶಿವಮೊಗ್ಗದ ಆರ್‌ಟಿಒ ಕಚೇರಿಯಲ್ಲಿ ಪಾಸ್‌ಪೋರ್ಟ್ ಮತ್ತು ವೀಸಾ ತೋರಿಸಿ, ಸಾವಿರ ರೂಪಾಯಿ ಶುಲ್ಕ ಕಟ್ಟಿ ಪಡೆದ, ಒಂದು ವರ್ಷ ಮಾತ್ರ ಊರ್ಜಿತವಾಗಿರುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯ ಪುಸ್ತಿಕೆ. ನಾವು ಹಾದುಹೋಗಬೇಕಿದ್ದ ಜರ್ಮನಿ, ಆಸ್ಟ್ರಿಯ ಮತ್ತು ಇಟಲಿಯಲ್ಲಿ ಈ ಪುಸ್ತಿಕೆಯೊಂದೇ ಸಾಲದು, ಮೂಲ ಪರವಾನಗಿಯೂ ಜೊತೆಗಿರಬೇಕು. ಮೂಲವನ್ನು ಮನೆಯಲ್ಲಿ ಭದ್ರವಾಗಿಟ್ಟು ಪುಸ್ತಿಕೆಯನ್ನು ಮಾತ್ರ ಹಿಡಿದು ಬಂದು ಕೌಂಟರಿನಿಂದ ಹಿಂತಿರುಗಿದವರ ಕಥೆಯನ್ನು ಮೊದಲೇ ಕೇಳಿದ್ದರಿಂದ ಹೊರಡುವ ದಿನ ನಾನು ಮೂರು ಸಲ ಪರೀಕ್ಷಿಸಿದ್ದೆ.

ಕೌಂಟರಿನಲ್ಲಿ ಕಾರಿನ ಕೀಲಿ ಕೈಗೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಬಾಡಿಗೆ ಆಗಲೇ ಸಂದಾಯವಾಗಿದ್ದರೂ ಚಾಲಕನ ಹೆಸರಿನಲ್ಲೇ ಇರುವ ಕ್ರೆಡಿಟ್ ಕಾರ್ಡಿನಲ್ಲಿ ಅವರು ಒಂದಷ್ಟು ಮೊತ್ತವನ್ನು ಠೇವಣಿಯಾಗಿ ತಡೆಹಿಡಿಯುತ್ತಾರೆ. ವಿಮೆಯ ವಿಷಯದಲ್ಲಂತೂ ಅವಸರ ಕೂಡದು. ಬಾಡಿಗೆಯ ಜೊತೆಗೇ ಬರುವ ವಿಮೆಯಲ್ಲಿ ಹಾನಿಯ ಮೊದಲ ಪಾಲನ್ನು, ಅದು ಸಾವಿರ ಯೂರೋಗಿಂತ ಹೆಚ್ಚೂ ಇರಬಹುದು, ಬಾಡಿಗೆಗೆ ಪಡೆದವರೇ ಭರಿಸಬೇಕು. ಗಾಜು, ಟೈರು, ಕಾರಿನ ತಳಭಾಗಗಳು ಎಷ್ಟೋ ಸಲ ಅದರ ವ್ಯಾಪ್ತಿಗೇ ಬರುವುದಿಲ್ಲ. ಬೆಟ್ಟದ ದಾರಿಗೆ ಹೊರಟ ನಮಗೆ ಆ ಮೂರೂ ಬೇಕಿದ್ದುದರಿಂದ ದಿನಕ್ಕಿಷ್ಟು ಎಂದು ಹೆಚ್ಚುವರಿ ಹಣ ಕೊಟ್ಟು ಪೂರ್ಣ ರಕ್ಷಣೆ ತೆಗೆದುಕೊಂಡೆವು. ಆಸ್ಟ್ರಿಯ ಮತ್ತು ಇಟಲಿಗೆ ಕಾರು ಒಯ್ಯಲು ಅನುಮತಿ ಇದೆಯೆಂಬುದನ್ನು ಕರಾರುಪತ್ರದಲ್ಲಿ ಬರೆಸಿಕೊಂಡೆವು.

ನಿಲುಗಡೆಯ ನೆಲಮಾಳಿಗೆಯಲ್ಲಿ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನಾನು ಫೋನಿನಲ್ಲಿ ವಿಡಿಯೊ ತೆಗೆದೆ. ಹಿಂಬದಿಯ ಬಂಪರಿನ ಎಡ ಮೂಲೆಯಲ್ಲಿ, ಬಾಗಿ ನೋಡಿದರೆ ಮಾತ್ರ ಕಾಣುವಂತೆ, ಕಿರುಬೆರಳಿನಷ್ಟು ಉದ್ದದ ಗೀರು ಇತ್ತು. ಕರಾರುಪತ್ರದ ಜೊತೆಗಿದ್ದ ಕಾರಿನ ಚಿತ್ರದಲ್ಲಿ ಅದರ ಗುರುತಿರಲಿಲ್ಲ. ಹತ್ತಿರದಿಂದ ಎರಡು ಫೋಟೊ ಹಿಡಿದು, ಮೇಲೆ ಹೋಗಿ ಹೇಳಿ ಬಂದೆ. ಬೂಟಿನಲ್ಲಿ ಎಚ್ಚರಿಕೆಯ ತ್ರಿಕೋನ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಹೊಳೆಯುವ ಮೇಲಂಗಿ ಇವೆಯೇ ಎಂದು ನೋಡಿದೆವು. ಅವು ಇಲ್ಲದೆ ಸಿಕ್ಕಿಬಿದ್ದರೆ ದಂಡ ತೆರಬೇಕಾದವರು ನಾವೇ.

ರಾತ್ರಿಯಿಡೀ ವಿಮಾನದಲ್ಲಿ ಕುಳಿತು ಬಂದವರು ಅದೇ ದಿನ ಇನ್ನೂರು ಕಿಲೋಮೀಟರ್ ಓಡಿಸುವುದನ್ನು ನಾನು ಒಪ್ಪಲಿಲ್ಲ. ಹಾಗಾಗಿ ಆ ದಿನ ಹತ್ತಿರದ ಫ್ರೈಸಿಂಗ್ ಪಟ್ಟಣದವರೆಗೆ ಮಾತ್ರ ಹೋಗಿ, ಉಳಿದ ಹೊತ್ತನ್ನು ಕಲಿಕೆಗೆ ಇಟ್ಟುಕೊಂಡೆವು. ಸ್ಟಿಯರಿಂಗ್ ಎಡಕ್ಕೆ, ಗೇರು ಬಲಗೈಗೆ, ಓಡಾಟ ರಸ್ತೆಯ ಬಲಬದಿಗೆ. ಕ್ಲಚ್, ಬ್ರೇಕ್, ಆಕ್ಸಿಲರೇಟರುಗಳ ಕ್ರಮ ಮಾತ್ರ ನಮ್ಮಲ್ಲಿಯಂತೆಯೇ ಇರುವುದು ದೊಡ್ಡ ಸಮಾಧಾನ. ನಮ್ಮ ಮನೆಯ ಮಾರುತಿಯಲ್ಲಿ ಇಂಡಿಕೇಟರ್ ಬಲಕ್ಕೂ ವೈಪರ್ ಎಡಕ್ಕೂ ಇದ್ದರೆ ಇಲ್ಲಿ ಅವು ಅದಲುಬದಲು. ಬಿಸಿಲಿನಲ್ಲಿ ಪ್ರತಿ ತಿರುವಿಗೂ ವೈಪರ್ ಒಣ ಗಾಜನ್ನು ಕರಕರ ಉಜ್ಜುತ್ತಿತ್ತು. ಗಂಟೆಯೊಂದು ಕಳೆಯುವ ಹೊತ್ತಿಗೆ ಅವರ ಎಡಗೈ ಹೊಸ ಪಾಠ ಕಲಿಯಿತು.

ವಸತಿ ಬೀದಿಗಳಲ್ಲಿ ಇನ್ನೊಂದು ಪಾಠ ಕಾದಿತ್ತು. ಫಲಕವೇ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ, ಅದು ಎಷ್ಟೇ ಕಿರಿದಾದ ಬೀದಿಯಿಂದ ಬರಲಿ, ದಾರಿ ಬಿಡಬೇಕು. ಹಳದಿ ವಜ್ರಾಕೃತಿಯ ಫಲಕ ಕಂಡರೆ ಮಾತ್ರ ನಾವಿರುವ ರಸ್ತೆಗೆ ಮೊದಲ ಹಕ್ಕು. ಊರಿನ ಹೆಸರು ಬರೆದ ಹಳದಿ ಫಲಕವೂ ಬರಿಯ ಹೆಸರಲ್ಲ. ಅಲ್ಲಿಂದ ವೇಗದ ಮಿತಿ 50 ಕಿಲೋಮೀಟರ್ ಎಂಬುದು ಅದರ ಅರ್ಥ, ಆ ಅಂಕಿಯನ್ನು ಬೇರೆ ಬರೆದಿರುವುದಿಲ್ಲ. ಅದೇ ಹೆಸರಿನ ಮೇಲೆ ಕೆಂಪು ಗೆರೆ ಎಳೆದ ಫಲಕ ಬಂದಾಗ ಊರು ಮುಗಿಯಿತು, ಮಿತಿಯೂ ಮುಗಿಯಿತು. ಇದನ್ನೆಲ್ಲ ಫೋನಿನ ದನಿ ಹೇಳುವುದಿಲ್ಲ. ಎಲ್ಲಿ ತಿರುಗಬೇಕೆಂದು ಅದು ಹೇಳಲಿ, ರಸ್ತೆಯನ್ನು ಓದಿ ಹೇಳುವ ಕೆಲಸ ನನ್ನದು ಎಂದು ಆ ಸಂಜೆ ನಾವಿಬ್ಬರೂ ಒಪ್ಪಂದ ಮಾಡಿಕೊಂಡೆವು.

ಎರಡನೆಯ ದಿನ: ಫ್ರೈಸಿಂಗ್‌ನಿಂದ ಸೆಲ್ ಆಮ್ ಸೇ

ಆಸ್ಟ್ರಿಯದ ಬಹುಪಾಲು ಹೆದ್ದಾರಿಗಳಿಗೆ ಟೋಲ್ ಗೇಟುಗಳಿಲ್ಲ. ಅದರ ಬದಲು ವಿನ್ಯೆಟ್ ಎಂಬ ಚೀಟಿಯನ್ನು ಕೊಂಡು ಮುಂದಿನ ಗಾಜಿಗೆ ಅಂಟಿಸಬೇಕು, ಇಲ್ಲವೇ ಕಾರಿನ ಸಂಖ್ಯೆಯ ಮೇಲೆ ಡಿಜಿಟಲ್ ರೂಪದಲ್ಲಿ ಪಡೆಯಬೇಕು. ಹತ್ತು ದಿನದ ಚೀಟಿಗೆ ಆ ವರ್ಷ 12.40 ಯೂರೋ ಇತ್ತು. ನಮ್ಮ ದಾರಿಯಲ್ಲಿ ಆಸ್ಟ್ರಿಯದ ಹೆದ್ದಾರಿ ಬರುವುದು ಕೊನೆಯ ದಿನ ಮಾತ್ರ. ಹೀಗಾಗಿ ಫೋನಿನ ನಕ್ಷೆಯಲ್ಲಿ ಟೋಲ್ ರಸ್ತೆಗಳನ್ನು ತಪ್ಪಿಸುವ ಆಯ್ಕೆಯನ್ನು ಒತ್ತಿ ಹೊರಟೆವು. ಮ್ಯೂನಿಕ್ ನಗರವನ್ನು ಬಳಸಿಕೊಂಡು ಹೋಗುವ ಎ99, ಅದರಿಂದ ಸಾಲ್ಜ್‌ಬರ್ಗ್ ಕಡೆಯ ಎ8. ಜರ್ಮನಿಯ ಹೆದ್ದಾರಿಯಲ್ಲಿ ಮಿತಿಯ ಫಲಕವಿಲ್ಲದ ಕಡೆ ಗಂಟೆಗೆ 130 ಎಂಬುದು ಸಲಹೆಯೇ ಹೊರತು ಕಟ್ಟಳೆಯಲ್ಲ. ನಾವು 110ರಲ್ಲಿ ಬಲ ಪಥದಲ್ಲಿದ್ದೆವು. ಲಾರಿಯೊಂದನ್ನು ಹಿಂದೆ ಹಾಕಲು ಎಡ ಪಥಕ್ಕೆ ಸರಿದಾಗ ಕನ್ನಡಿಯಲ್ಲಿ ಚುಕ್ಕೆಯಂತಿದ್ದ ಕಾರು ಮೂರು ಉಸಿರಿನೊಳಗೆ ನಮ್ಮ ಬೆನ್ನಿಗೆ ಬಂದು ನಿಂತಿತು. ಹಾರ್ನ್ ಮಾಡಲಿಲ್ಲ, ಕಾದಿತು. ನಾವು ಬಲಕ್ಕೆ ಬಂದೊಡನೆ ಹೋಯಿತು. ಹಿಂದೆ ಹಾಕುವುದಕ್ಕಷ್ಟೇ ಎಡ ಪಥ, ಕೆಲಸ ಮುಗಿದೊಡನೆ ಬಲಕ್ಕೆ ಮರಳಬೇಕು ಎಂಬ ಒಂದೇ ಶಿಸ್ತಿನ ಮೇಲೆ ಆ ವೇಗವೆಲ್ಲ ನಿಂತಿದೆ.

ಕೀಮ್‌ಸೇ ಸರೋವರವನ್ನು ಎಡಕ್ಕೆ ಬಿಟ್ಟು, ಸೀಗ್ಸ್‌ಡಾರ್ಫ್‌ನಲ್ಲಿ ಹೆದ್ದಾರಿಯಿಂದ ಇಳಿದು, ಇನ್‌ಜೆಲ್ ದಾಟಿ ಕಾಡಿನ ನಡುವೆ ಆಸ್ಟ್ರಿಯ ಪ್ರವೇಶಿಸಿದೆವು. ಲೋಫರ್, ಸಾಲ್‌ಫೆಲ್ಡನ್ ಹಾದು ಸಂಜೆ ಸೆಲ್ ಆಮ್ ಸೇ ಸರೋವರದ ದಡ ಸೇರಿದೆವು.

ಮೂರನೆಯ ದಿನ: ಗ್ರೋಸ್‌ಗ್ಲಾಕ್ನರ್ ದಾರಿ

ಬೆಳಿಗ್ಗೆ ಫೋನಿನಲ್ಲಿ ಹೈಲಿಗನ್‌ಬ್ಲೂಟ್ ಎಂದು ಒತ್ತಿದರೆ ಬೆಟ್ಟದ ಆಚೆ ಬದಿಯ ಆ ಊರಿಗೆ ನಕ್ಷೆ ಎಲ್ಲೆಲ್ಲಿಂದಲೋ ಸುತ್ತಿಸಿಕೊಂಡು ಹೋಗುವ, ಅರ್ಧ ದಿನದ ದಾರಿ ತೋರಿಸಿತು. ಮಂಜು ಬಿದ್ದು ಗ್ರೋಸ್‌ಗ್ಲಾಕ್ನರ್ ಬೆಟ್ಟರಸ್ತೆ ಮುಚ್ಚಿದೆಯೇನೋ ಎಂದು ಯಜಮಾನರು ಗಾಬರಿಯಾದರು. ಮೇ ಆರಂಭದಿಂದ ನವೆಂಬರ್ ಆರಂಭದವರೆಗೆ ಮಾತ್ರ ತೆರೆದಿರುವ ರಸ್ತೆ ಅದು, ಹಿಮಪಾತವಾದರೆ ನಡುವೆಯೂ ಮುಚ್ಚುತ್ತದೆ. ವಸತಿಗೃಹದ ಹೆಂಗಸು, "ತೆರೆದೇ ಇದೆ, ಬೇಗ ಹೊರಡಿ" ಎಂದರು. ತುಸು ಹೊತ್ತಿನ ಮೇಲೆ ನನಗೆ ಹೊಳೆಯಿತು. ಹಿಂದಿನ ದಿನ ಟೋಲ್ ತಪ್ಪಿಸಲು ಒತ್ತಿದ ಆಯ್ಕೆ ಹಾಗೆಯೇ ಇತ್ತು. ಗ್ಲಾಕ್ನರ್ ರಸ್ತೆಗೆ ಪ್ರತ್ಯೇಕ ಸುಂಕವಿರುವುದರಿಂದ ನಕ್ಷೆ ನಾವು ನೋಡಲೆಂದೇ ಬಂದ ರಸ್ತೆಯನ್ನು ಮುಚ್ಚಿಟ್ಟಿತ್ತು.

ಫೆರ್‌ಲೈಟನ್ ಎಂಬಲ್ಲಿ ನಲವತ್ತು ಯೂರೋಗೂ ಮೀರಿದ ಸುಂಕ ಕೊಟ್ಟು ಏರತೊಡಗಿದೆವು. ಫ್ರಾಂಟ್ಸ್ ವಾಲಾಕ್ ಎಂಬ ಎಂಜಿನಿಯರ್ ರೂಪಿಸಿದ ಈ ರಸ್ತೆಯ ಕೆಲಸ 1930ರಲ್ಲಿ ಆರಂಭವಾಗಿ, 1935ರ ಆಗಸ್ಟ್ 3ರಂದು ಸಂಚಾರಕ್ಕೆ ತೆರೆಯಿತು. ಉದ್ದ 48 ಕಿಲೋಮೀಟರ್, ಹೇರ್‌ಪಿನ್ ತಿರುವುಗಳು 36. ಒಂದೊಂದು ತಿರುವಿಗೂ ಸಂಖ್ಯೆಯ ಫಲಕವಿದೆ, ಜೊತೆಗೆ ಅಲ್ಲಿನ ಎತ್ತರವನ್ನೂ ಬರೆದಿದ್ದಾರೆ. ಆಗುಂಬೆಯ 14 ತಿರುವುಗಳನ್ನು ಮಳೆಗಾಲದ ಮಂಜಿನಲ್ಲಿ ಎಷ್ಟೋ ಸಲ ಇಳಿಸಿದ ಕೈ ಅವರದು. ಆದರೆ ಘಾಟಿಯ ಅಭ್ಯಾಸವೂ ಇಲ್ಲಿ ತಿರುಗಿ ನಿಲ್ಲುತ್ತದೆ. ನಮ್ಮಲ್ಲಿ ಎಡ ತಿರುವು ಒಳಸುತ್ತು, ಬಲ ತಿರುವು ಹೊರಸುತ್ತು. ಇಲ್ಲಿ ಬಲ ತಿರುವೇ ಬಿಗಿ. ಎಡಕ್ಕೆ ಕುಳಿತ ಚಾಲಕನಿಗೆ ಬಲಬದಿಯ ಅಂಚು ಕಾಣುವುದಿಲ್ಲ. ಅಂಚಿನ ಮೇಲೆಯೇ ಕುಳಿತವಳು ನಾನು. ಕಿಟಕಿಯಿಂದ ಕೆಳಗೆ ನೋಡಿ, "ಇನ್ನೂ ಒಂದು ಅಡಿ ಇದೆ ರೀ... ಸಾಕು, ಇನ್ನು ಎಡಕ್ಕೆ ಎಳೆಯಿರಿ" ಎಂದು ಹೇಳುತ್ತ ಹೋದೆ. ಅವರು ಉತ್ತರ ಕೊಡಲಿಲ್ಲ. ಸ್ಟಿಯರಿಂಗ್ ಮಾತ್ರ ನನ್ನ ಮಾತಿನಂತೆ ಸರಿಯುತ್ತಿತ್ತು.

ಜೂನ್ ಆದರೂ ರಸ್ತೆಯ ಎರಡೂ ಬದಿಗೆ ಕತ್ತರಿಸಿಟ್ಟ ಹಿಮದ ಗೋಡೆಗಳಿದ್ದವು. 2,428 ಮೀಟರ್ ಎತ್ತರದ ಫೂಶರ್ ಟ್ಯೋರ್ಲ್‌ನಲ್ಲಿ, ರಸ್ತೆ ಕಟ್ಟುವಾಗ ಸತ್ತ ಕೆಲಸಗಾರರ ನೆನಪಿಗೆ ಕಲ್ಲಿನ ಒಂದು ಗುಡಿಯಿದೆ. ಕಾರು ನಿಲ್ಲಿಸಿದವರಲ್ಲಿ ಹೆಚ್ಚಿನವರು ಅದಕ್ಕೆ ಬೆನ್ನು ಮಾಡಿ ಶಿಖರಗಳ ಫೋಟೊ ತೆಗೆಯುತ್ತಿದ್ದರು. ನಾವು ಒಳಗೆ ಹೋಗಿ ಒಂದು ನಿಮಿಷ ನಿಂತೆವು, ಅವರ ದುಡಿಮೆಯ ಮೇಲೆಯೇ ಅಲ್ಲವೇ ನಮ್ಮ ಚಕ್ರಗಳು ಉರುಳಿ ಬಂದದ್ದು? ಮುಂದೆ 2,504 ಮೀಟರ್ ಎತ್ತರದ ಹೋಖ್‌ಟೋರ್‌ನಲ್ಲಿ ರಸ್ತೆ ಸುರಂಗವನ್ನು ಹೊಕ್ಕು ಸಾಲ್ಜ್‌ಬರ್ಗ್ ಪ್ರಾಂತದಿಂದ ಕೆರ್ನ್‌ಟನ್ ಪ್ರಾಂತಕ್ಕೆ ದಾಟುತ್ತದೆ. ಬೆಟ್ಟಸಾಲನ್ನು ದಾಟುವ ಈ ಕಣಿವೆಬಾಗಿಲಲ್ಲಿ 1933ರಲ್ಲಿ ಕೆಲಸ ನಡೆಯುವಾಗ ರೋಮನರ ಕಾಲದ ಹರ್ಕ್ಯುಲಿಸ್‌ನ ಸಣ್ಣ ಕಂಚಿನ ಮೂರ್ತಿ ಸಿಕ್ಕಿತ್ತು. ಕಾರು ಬರುವ ಎಷ್ಟೋ ಶತಮಾನಗಳ ಮೊದಲೇ ಜನ ಇಲ್ಲಿ ಕಾಲ್ನಡಿಗೆಯಲ್ಲಿ ದಾಟುತ್ತಿದ್ದರು.

ಕವಲುದಾರಿಯ ಕೊನೆಯಲ್ಲಿ, 2,369 ಮೀಟರ್ ಎತ್ತರದ ಕೈಸರ್ ಫ್ರಾಂಟ್ಸ್ ಯೋಸೆಫ್ ಕಟ್ಟೆಯಿಂದ 3,798 ಮೀಟರಿನ ಗ್ರೋಸ್‌ಗ್ಲಾಕ್ನರ್ ಶಿಖರವೂ ಅದರ ಬುಡದಲ್ಲಿ ಪಾಸ್ಟರ್ಟ್ಸೆ ಹಿಮನದಿಯೂ ಕಂಡವು. 1856ರಲ್ಲಿ ಆಸ್ಟ್ರಿಯದ ಚಕ್ರವರ್ತಿ ಫ್ರಾಂಟ್ಸ್ ಯೋಸೆಫ್ ಇಲ್ಲಿಗೆ ಬಂದಾಗ ತುಂಬಿ ನಿಂತಿದ್ದ ಹಿಮ ಈಗ ತುಂಬ ಕೆಳಕ್ಕೆ, ತುಂಬ ಹಿಂದಕ್ಕೆ ಸರಿದು, ಬೂದು ಬಣ್ಣದ ಕಲ್ಲುಮಣ್ಣಿನ ರಾಶಿಯ ನಡುವೆ ಕೊಳೆಯಾದ ಕಂಬಳಿಯಂತೆ ಬಿದ್ದಿದೆ. ಆ ದೃಶ್ಯ ನನ್ನ ಮನಸ್ಸನ್ನು ಬಹಳ ಹೊತ್ತು ಭಾರವಾಗಿಸಿತು. ಇಳಿಯುವಾಗ ಏರಿದ ಗೇರಿನಲ್ಲೇ ಇಳಿಯಬೇಕು, ಬ್ರೇಕಿನ ಮೇಲೆಯೇ ಕಾಲಿಟ್ಟರೆ ಅದು ಕಾದು ಕೈಕೊಡುತ್ತದೆ. ಎರಡನೆಯ ಗೇರಿನಲ್ಲಿ ಹೈಲಿಗನ್‌ಬ್ಲೂಟ್‌ಗೆ ಇಳಿದು, ರಾತ್ರಿ ಲೀನ್ಟ್ಸ್‌ನಲ್ಲಿ ತಂಗಿದೆವು.

ನಾಲ್ಕನೆಯ ದಿನ: ಎರಡೆರಡು ಹೆಸರಿನ ಊರುಗಳು

ಲೀನ್ಟ್ಸ್‌ನ ಬಂಕಿನಲ್ಲಿ ಪೆಟ್ರೋಲ್ ತುಂಬಿಸಿದೆವು. 2018ರಿಂದ ಐರೋಪ್ಯ ಒಕ್ಕೂಟದ ಬಂಕುಗಳಲ್ಲಿ ಪೆಟ್ರೋಲಿಗೆ ವೃತ್ತದೊಳಗೆ ಇ5 ಅಥವಾ ಇ10, ಡೀಸೆಲಿಗೆ ಚೌಕದೊಳಗೆ ಬಿ7 ಎಂಬ ಗುರುತು ಇರುತ್ತದೆ. ಅದೇ ಗುರುತು ಹೊಸ ಕಾರುಗಳ ಟ್ಯಾಂಕಿನ ಮುಚ್ಚಳದ ಬಳಿಯೂ ಇರುವುದರಿಂದ, ತುಂಬಿಸಿ ಕೊಡುವವರಿಲ್ಲದ ಕಡೆ, ಭಾಷೆ ಬಾರದಿದ್ದರೂ ತಪ್ಪಾಗುವುದಿಲ್ಲ.

ಡ್ರಾವ ನದಿಯ ಕಣಿವೆಯಲ್ಲಿ ಪಶ್ಚಿಮಕ್ಕೆ ಸಾಗಿ ಇಟಲಿ ಸೇರಿದ್ದು ನಮಗೆ ತಿಳಿದದ್ದೇ ಫಲಕಗಳಿಂದ. ಪ್ರತಿ ಊರಿಗೂ ಎರಡು ಹೆಸರು. ಟೋಬ್ಲಾಖ್ ಎಂದರೂ ಡೊಬ್ಬಿಯಾಕೊ ಎಂದರೂ ಒಂದೇ ಊರು. ಮೊದಲ ಮಹಾಯುದ್ಧದ ತನಕ ಆಸ್ಟ್ರಿಯದಲ್ಲಿದ್ದ ಈ ದಕ್ಷಿಣ ಟಿರೋಲ್ ಪ್ರಾಂತ 1919ರ ಸೇಂಟ್ ಜರ್ಮೈನ್ ಒಪ್ಪಂದದಲ್ಲಿ ಇಟಲಿಗೆ ಸೇರಿತು, ಜನರ ನಾಲಿಗೆಯ ಮೇಲಿನ ಜರ್ಮನ್ ಉಳಿಯಿತು. ಬೆಳಗಾವಿ ಮತ್ತು ಬೆಳಗಾಂ ಎಂಬೆರಡು ಫಲಕಗಳ ನಡುವೆ ಎಷ್ಟು ಇತಿಹಾಸ ತುಂಬಿದೆಯೆಂದು ತಿಳಿದ ನಮಗೆ ಇದು ಬೇಗ ಅರ್ಥವಾಯಿತು. ಆದರೆ ಬೆಳಗಾವಿ, ಬೆಳಗಾಂ ಎರಡೂ ಕಿವಿಗೆ ಒಂದೇ ಎಂದು ತಿಳಿಯುತ್ತವೆ. ಸ್ಟರ್‌ಟ್ಸಿಂಗ್ ಮತ್ತು ವಿಪಿಟೆನೊ ಒಂದೇ ಊರೆಂದು ಕಿವಿಗೆ ಹೇಗೆ ತಿಳಿಯಬೇಕು? ಫೋನಿನ ದನಿ ಒಂದು ಹೆಸರು ಹೇಳುವಷ್ಟರಲ್ಲಿ ಕಣ್ಣಿಗೆ ಇನ್ನೊಂದು ಬಿದ್ದು ಕವಲುದಾರಿ ದಾಟಿಹೋಗುತ್ತದೆ. ಒಮ್ಮೆ ಹಾಗಾದ ಮೇಲೆ ನಾನು ಕಾರು ನಿಲ್ಲಿಸಲು ಹೇಳಿ, ಮುಂದಿನ ಮೂರು ದಿನದ ದಾರಿಯ ಊರುಗಳ ಜೋಡಿ ಹೆಸರುಗಳನ್ನು ನೋಟ್‌ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಆ ಪುಟ ಕಡೆಯವರೆಗೂ ನನ್ನ ಮಡಿಲಲ್ಲಿತ್ತು.

1956ರ ಚಳಿಗಾಲದ ಒಲಿಂಪಿಕ್ಸ್ ನಡೆದ ಕೊರ್ಟಿನ ಮತ್ತೆ 2026ರ ಕೂಟಕ್ಕೆ ಸಜ್ಜಾಗುತ್ತ, ಎಲ್ಲೆಲ್ಲೂ ಕ್ರೇನುಗಳಿಂದ ತುಂಬಿತ್ತು. ಅಲ್ಲಿಂದ ಬೋಲ್ಟ್ಸಾನೊವರೆಗೆ ಹೋಗುವುದೇ 1909ರಲ್ಲಿ ಪೂರ್ಣಗೊಂಡ ಮಹಾ ಡೊಲೊಮೈಟ್ ರಸ್ತೆ. 2,105 ಮೀಟರಿನ ಫಾಲ್ಸಾರೆಗೊ ಕಣಿವೆಬಾಗಿಲು ಆ ಮಹಾಯುದ್ಧದ ಕಾಲದಲ್ಲಿ ಆಸ್ಟ್ರಿಯ ಮತ್ತು ಇಟಲಿಯ ಸೈನ್ಯಗಳು ಎದುರುಬದುರಾಗಿ ಬಂಡೆ ಕೊರೆದು ಕುಳಿತ ಜಾಗ. ಅರಬ್ಬಾ ಊರಿನಿಂದ 2,239 ಮೀಟರಿನ ಪೊರ್ದೊಯಿಗೆ 33 ತಿರುವುಗಳು. ಇಲ್ಲಿ ರಸ್ತೆ ಕಾರಿನವರಿಗಿಂತ ಸೈಕಲ್ಲಿನವರದು. ನಮ್ಮ ಮುಂದೆ ಅರವತ್ತು ದಾಟಿದ ಒಬ್ಬರು ಹಲ್ಲು ಕಚ್ಚಿ ಪೆಡಲ್ ತುಳಿಯುತ್ತಿದ್ದರು. ನಾಲ್ಕು ತಿರುವುಗಳ ತನಕ ನಾವು ಅವರ ಹಿಂದೆಯೇ ಮೊದಲ ಗೇರಿನಲ್ಲಿ ಹೋದೆವು. ಎದುರಿನ ರಸ್ತೆ ಖಾಲಿ ಕಂಡಾಗ ಅವರೇ ಎಡಗೈ ಬೀಸಿ ಮುಂದೆ ಹೋಗಲು ಹೇಳಿದರು. ಮೇಲೆ ಸೈಕಲ್ ವೀರ ಫೌಸ್ಟೊ ಕೊಪ್ಪಿಯ ಸ್ಮಾರಕದ ಬಳಿ ನಾವು ಬುತ್ತಿಯ ಚಪಾತಿ, ಚಟ್ನಿಪುಡಿ ಬಿಚ್ಚುವ ಹೊತ್ತಿಗೆ ಅವರೂ ಬಂದು ತಲುಪಿ, ನಮ್ಮನ್ನು ಗುರುತಿಸಿ ಕೈಯೆತ್ತಿದರು. ಕನಾಟ್ಸೆಯಿ, ಕರೇರ್ ಕಣಿವೆಬಾಗಿಲು, ಅದರಾಚೆಗಿನ ಹಸಿರು ಸರೋವರ ದಾಟಿ ಬೋಲ್ಟ್ಸಾನೊ ಸೇರುವಾಗ ಬೀದಿದೀಪಗಳು ಹೊತ್ತಿದ್ದವು.

ಐದನೆಯ ದಿನ: ವೆರೋನ

ಇಟಲಿಯ ಹೆದ್ದಾರಿಯ ಲೆಕ್ಕ ಬೇರೆ. ಒಳಹೋಗುವಾಗ ಯಂತ್ರದಿಂದ ಚೀಟಿ, ಹೊರಬರುವಾಗ ದೂರಕ್ಕೆ ತಕ್ಕ ಹಣ. ಚೀಟಿ ಕಳೆದರೆ ಅತಿ ದೂರದ ಪ್ರವೇಶದಿಂದ ಬಂದವರೆಂದು ಲೆಕ್ಕ ಹಾಕುತ್ತಾರಾದ್ದರಿಂದ ಅದನ್ನು ನಾನು ಮುಷ್ಟಿಯಲ್ಲೇ ಹಿಡಿದಿದ್ದೆ. ಹೊರಬರುವಾಗ ಹಳದಿ ಬಣ್ಣದ ಟೆಲಿಪಾಸ್ ಪಥಕ್ಕೆ ನುಗ್ಗಬಾರದು. ಅದು ನಮ್ಮ ಫಾಸ್ಟ್ಯಾಗಿನಂತೆ ಉಪಕರಣ ಇರುವವರಿಗೆ ಮಾತ್ರ. ನಗದಿಗೆ ಬಿಳಿಯ ಫಲಕ, ಕಾರ್ಡಿಗೆ ನೀಲಿ.

ವೆರೋನದಲ್ಲಿ ನಾವು ಕೂದಲೆಳೆಯಲ್ಲಿ ಪಾರಾದೆವು. ಇಟಲಿಯ ಹಳೆಯ ನಗರಗಳ ಒಳಭಾಗಕ್ಕೆ ಅನುಮತಿಯಿಲ್ಲದ ವಾಹನಗಳು ಹೋಗುವಂತಿಲ್ಲ. ಅದನ್ನು ಜೆಡ್‌ಟಿಎಲ್ ಎಂದು ಕರೆಯುತ್ತಾರೆ. ಗೇಟಿಲ್ಲ, ಪೊಲೀಸರಿಲ್ಲ, ಕಂಬದ ಮೇಲೆ ಕ್ಯಾಮೆರಾ ಮಾತ್ರ. ದಂಡದ ಪತ್ರ ತಿಂಗಳುಗಳ ನಂತರ ಬರುತ್ತದೆ, ವಿಳಾಸ ಒದಗಿಸಿದ್ದಕ್ಕೆಂದು ಬಾಡಿಗೆ ಸಂಸ್ಥೆಯೂ ಬೇರೆ ಶುಲ್ಕ ಹಾಕುತ್ತದೆ. ಒಂದು ಕಿರಿದಾದ ಬೀದಿಯ ತುದಿಯಲ್ಲಿ ಫೋನು ನೇರಕ್ಕೆ ಹೋಗಲು ಹೇಳಿತು. ಅಲ್ಲಿ ಕೆಂಪು ಅಂಚಿನ ಬಿಳಿ ವೃತ್ತ, ಅದರ ಕೆಳಗೆ "ವಾರ್ಕೊ ಅಟ್ಟೀವೊ" ಎಂದು ಮಿನುಗುವ ಅಕ್ಷರಗಳು. ಮಾತಿನ ಅರ್ಥ "ದ್ವಾರ ಸಕ್ರಿಯವಾಗಿದೆ" ಎಂದು. ಬಾಗಿಲು ತೆರೆದಿದೆ ಎಂದುಕೊಳ್ಳುವುದು ಸಹಜ, ಆದರೆ ಸಕ್ರಿಯವಾಗಿರುವುದು ಕ್ಯಾಮೆರಾ, ಅಂದರೆ ಪ್ರವೇಶವಿಲ್ಲ. ಹಿಂದಿನ ರಾತ್ರಿ ಇದನ್ನು ಓದಿಟ್ಟುಕೊಂಡಿದ್ದ ನಾನು ಕೂಗಿದೆ: "ನೇರ ಬೇಡ ರೀ, ಬಲಕ್ಕೆ, ಬಲಕ್ಕೆ!" "ಫೋನು ನೇರ ಅಂತಿದೆಯಲ್ಲೇ?" ಎನ್ನುತ್ತಲೇ ಅವರು ಬಲಕ್ಕೆ ತಿರುಗಿಸಿದರು. ಹಿಂದೆ ಬರುತ್ತಿದ್ದ ಸ್ಕೂಟರಿನವನು ಬೈದುಕೊಂಡು ಹೋದ. ಹಳೆಯ ಕೋಟೆಗೋಡೆಯ ಹೊರಗೆ ಹಣ ಕೊಟ್ಟು ನಿಲ್ಲಿಸುವ ಜಾಗ ಹುಡುಕಿ, ಅಲ್ಲಿಂದ ನಡೆದೇ ಒಂದನೆಯ ಶತಮಾನದ ರೋಮನ್ ಬಯಲು ರಂಗಮಂದಿರ ಅರೀನದವರೆಗೆ ಹೋದೆವು. ಇಟಲಿಯಲ್ಲಿ ನೀಲಿ ಗೆರೆಯೊಳಗೆ ಹಣ ಕೊಟ್ಟು, ಬಿಳಿ ಗೆರೆಯೊಳಗೆ ಉಚಿತವಾಗಿ ನಿಲ್ಲಿಸಬಹುದು. ಹಳದಿ ಗೆರೆ ಮೀಸಲು. ಬಿಳಿ ಗೆರೆಯಿದ್ದರೂ ಪಕ್ಕದ ಫಲಕದಲ್ಲಿ ಗಂಟೆಯ ಮಿತಿ ಇದೆಯೇ ಎಂದು ನೋಡಬೇಕು.

ಆರನೆಯ ದಿನ: ಗಾರ್ದ ಸರೋವರದ ಪೂರ್ವ ದಡ

ಆ ದಿನ ಹೆದ್ದಾರಿ ಬಿಟ್ಟು ನೀರಿನ ಅಂಚಿನ ರಸ್ತೆ ಹಿಡಿದೆವು. ಬಾರ್ದೊಲಿನೊ ದಾಟಿ ಮಾಲ್ಚೆಸಿನೆಯಲ್ಲಿ ನಿಂತೆವು. ಇಲ್ಲಿನ ಕೋಟೆಯ ಚಿತ್ರ ಬರೆಯುತ್ತಿದ್ದ ಜರ್ಮನ್ ಕವಿ ಗಯಟೆಯನ್ನು 1786ರಲ್ಲಿ ಊರವರು ಗೂಢಚಾರನೆಂದು ಶಂಕಿಸಿದ್ದರು. ಈಗ ಅದೇ ಕೋಟೆಯ ಮುಂದೆ ದಿನಕ್ಕೆ ಸಾವಿರಾರು ಜನ ಫೋಟೊ ತೆಗೆಯುತ್ತಾರೆ. ಟೊರ್ಬೊಲೆಯಿಂದ ರೊವೆರೆಟೊಗೆ ಬಂದು ಹೆದ್ದಾರಿ ಸೇರಿ, ರಾತ್ರಿಗೆ ಸ್ಟರ್‌ಟ್ಸಿಂಗ್. ನನ್ನ ಪುಟದಲ್ಲಿ ವಿಪಿಟೆನೊ.

ಏಳನೆಯ ದಿನ: ಬ್ರೆನರ್ ದಾಟಿ ಮರಳಿ ಮ್ಯೂನಿಕ್

ಗಡಿಗೆ ಮುಂಚೆಯೇ ಬಂಕಿನಲ್ಲಿ ವಿನ್ಯೆಟ್ ಕೊಂಡು ಗಾಜಿಗೆ ಅಂಟಿಸಿದೆವು. 1,370 ಮೀಟರಿನ ಬ್ರೆನರ್ ದಾಟಿದ ಮೇಲಿನ ಎ13 ರಸ್ತೆಗೆ ವಿನ್ಯೆಟ್ ಸಾಲದು, ಪ್ರತ್ಯೇಕ ಸುಂಕವಿದೆ. ವಿನ್ಯೆಟ್ ಬೇಕಾಗುವುದು ಇನ್ಸ್‌ಬ್ರುಕ್‌ನಿಂದ ಮುಂದಿನ ಎ12ಕ್ಕೆ. ಇದು ತಿಳಿಯದೆ ಬ್ರೆನರ್ ಸುಂಕ ಕೊಟ್ಟೆವಲ್ಲ ಎಂದು ನಿಶ್ಚಿಂತೆಯಾಗಿ ಹೋಗಿ ದಂಡ ಕಟ್ಟುವವರಿದ್ದಾರೆ.

ಲೂಯೆಗ್ ಸೇತುವೆಯ ಪುನರ್ನಿರ್ಮಾಣಕ್ಕಾಗಿ 2025ರ ಆರಂಭದಿಂದ ಅಲ್ಲಿ ಹೆಚ್ಚಿನ ದಿನ ಒಂದೊಂದು ದಿಕ್ಕಿಗೆ ಒಂದೇ ಪಥ. ಅದರ ಹಿಂದೆ ವಾಹನಗಳು ನಿಂತುಬಿಟ್ಟವು. ವೇಗ ತಗ್ಗತೊಡಗುತ್ತಲೇ ಎಡ ಪಥದ ಕಾರುಗಳೆಲ್ಲ ಎಡ ಅಂಚಿಗೆ, ಬಲ ಪಥದವು ಬಲ ಅಂಚಿಗೆ ಸರಿದವು, ನಡುವೆ ಒಂದು ಓಣಿ ತೆರೆಯಿತು. ಸೈರನ್ ಕೇಳಿಸಿರಲಿಲ್ಲ. ಆಂಬುಲೆನ್ಸ್ ಬಂದ ಮೇಲಲ್ಲ, ಬರುವ ಮೊದಲೇ ದಾರಿ ಬಿಟ್ಟಿರಬೇಕೆಂಬುದು ಜರ್ಮನಿ ಮತ್ತು ಆಸ್ಟ್ರಿಯದ ಕಾನೂನು. "ಬಲಕ್ಕೆ ಸರಿಯಿರಿ, ಪೂರ್ತಿ" ಎಂದು ನಾನು ಕಿಟಕಿಯಿಂದ ನೋಡುತ್ತ ಹೇಳಿದೆ. ಸ್ವಲ್ಪ ಹೊತ್ತಿಗೆ ಆ ಓಣಿಯಲ್ಲಿ ಆಂಬುಲೆನ್ಸೊಂದು ಒಮ್ಮೆಯೂ ನಿಲ್ಲದೆ ಹಾದುಹೋಯಿತು. ನಮ್ಮೂರ ರಸ್ತೆಗಳಲ್ಲಿ ಸೈರನ್ ಹಾಕಿಕೊಂಡು ಸಿಕ್ಕಿಕೊಂಡ ಆಂಬುಲೆನ್ಸುಗಳನ್ನು ನೆನೆದು ಗಂಟಲು ಕಟ್ಟಿತು. ಈ ಪ್ರವಾಸದಿಂದ ಒಂದೇ ಒಂದನ್ನು ಊರಿಗೆ ತರಬಹುದಾದರೆ ಆ ಓಣಿಯನ್ನೇ ತರುತ್ತೇನೆ.

190 ಮೀಟರ್ ಎತ್ತರದ ಯುರೋಪಾ ಸೇತುವೆ, ಇನ್ಸ್‌ಬ್ರುಕ್, ಇನ್ ನದಿಯ ಕಣಿವೆ, ಕೀಫರ್ಸ್‌ಫೆಲ್ಡನ್‌ನಲ್ಲಿ ಪಾಸ್‌ಪೋರ್ಟ್ ತಪಾಸಣೆ. ವಿಮಾನ ನಿಲ್ದಾಣದ ಹೊರಗಿನ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ರಸೀದಿ ಇಟ್ಟುಕೊಂಡೆವು. ಪಡೆದಾಗಿನಷ್ಟೇ ಇಂಧನದೊಂದಿಗೆ ಹಿಂತಿರುಗಿಸುವುದು ಕರಾರು.

ಕಾರನ್ನು ಪರೀಕ್ಷಿಸಿದ ಯುವಕ ಹಿಂಬದಿಯ ಎಡ ಮೂಲೆಯಲ್ಲಿ ಬಾಗಿ, ಗೀರಿನ ಮೇಲೆ ಬೆರಳಿಟ್ಟು ನಮ್ಮತ್ತ ನೋಡಿದ. ನಾನು ಮೊದಲ ದಿನದ ಫೋಟೊ ತೆಗೆದು ದಿನಾಂಕ, ಗಂಟೆ ಕಾಣುವಂತೆ ತೋರಿಸಿದೆ. ಅವನು ಎರಡನ್ನೂ ಹೋಲಿಸಿ, ತನ್ನ ಉಪಕರಣದಲ್ಲಿ ಏನೋ ಒತ್ತಿ, ಹಾನಿ ಇಲ್ಲ ಎಂಬ ರಸೀದಿ ಕೊಟ್ಟ. ಓಡಿದ್ದು 1,140 ಕಿಲೋಮೀಟರ್. ನಿರ್ಗಮನದ ಕಡೆ ಸಾಮಾನಿನ ಗಾಡಿ ತಳ್ಳಿಕೊಂಡು ಹೋಗುವಾಗ ಯಜಮಾನರು ಸುಮ್ಮನೆ ಮೇಲೆ ನೋಡುತ್ತ, ತೂಗುಹಾಕಿದ ಫಲಕಗಳನ್ನು ಒಂದೊಂದಾಗಿ ನನಗೆ ಓದಿ ಹೇಳುತ್ತಿದ್ದರು.